ಕಾಯ್ದೆ ಎಂಬ ಕೌದಿ: ಕರ್ನಾಟಕದ ಕಾನೂನು ಎಲ್ಲಿ ಅಚ್ಚಾಗುತ್ತದೆ, ಯಾರು ಹೊಲಿಯುತ್ತಾರೆ, ಎಲ್ಲಿ ಹರಿಯುತ್ತದೆ

ಕರ್ನಾಟಕ ಭೂ ಸುಧಾರಣೆಗಳ ಅಧಿನಿಯಮದಲ್ಲಿ, ಅಂದರೆ ಕಾಯ್ದೆಯಲ್ಲಿ, 79ಎ ಎಂಬ ಪ್ರಕರಣ (ಸೆಕ್ಷನ್) ಇದೆಯೋ ಇಲ್ಲವೋ? ನಿಮ್ಮ ಕೈಯಲ್ಲಿರುವ ಪುಸ್ತಕ ಯಾವ ವರ್ಷ ಅಚ್ಚಾಯಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದು ಹೇಳುತ್ತಿದ್ದ ಪ್ರಕರಣ ಅದು. ಹಳೆಯ ಪುಸ್ತಕವೊಂದರಲ್ಲಿ ಆ ಮಿತಿ 2 ಲಕ್ಷ ರೂಪಾಯಿ. 2015ರ ನಂತರದ್ದರಲ್ಲಿ 25 ಲಕ್ಷ. ಈಗಿನ ಪ್ರತಿಯಲ್ಲಾದರೆ ಆ ಜಾಗದಲ್ಲಿ ಆವರಣ ಚಿಹ್ನೆ, ಕೆಳಗೆ ಒಂದು ಅಡಿಟಿಪ್ಪಣಿ, ಅಷ್ಟೇ. 2020ರ ಜುಲೈನಲ್ಲಿ ಅಧ್ಯಾದೇಶ (ಸುಗ್ರೀವಾಜ್ಞೆ) ತಂದು, ಆಮೇಲೆ ತಿದ್ದುಪಡಿ ಕಾಯ್ದೆ ಮಾಡಿ 79ಎ, 79ಬಿ, 79ಸಿ ಮೂರನ್ನೂ ತೆಗೆಯಲಾಯಿತು. ಅದೂ 1974ರ ಮಾರ್ಚ್ 1ರಿಂದಲೇ ತೆಗೆದಂತೆ ಭಾವಿಸತಕ್ಕದ್ದು ಎಂಬ ಮಾತಿನೊಂದಿಗೆ. ಜನ 46 ವರ್ಷ ಅಂಜಿಕೊಂಡು ನಡೆದ ಪ್ರಕರಣ ಹಿಂದಿನಿಂದಲೇ ಅಳಿಸಿಹೋಯಿತು. ಆದರೆ 1998ರಲ್ಲಿ ಉಪವಿಭಾಗಾಧಿಕಾರಿ ಕೊಟ್ಟ ಒಂದು ಆದೇಶವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಆವತ್ತು ಇದ್ದ ಪಠ್ಯವೇ ಬೇಕು. ಅದು ಈಗಿನ ಪ್ರತಿಯಲ್ಲಿ ಸಿಗುವುದಿಲ್ಲ.

ನಾವು 'ಕಾಯ್ದೆ' ಎಂದು ಓದುವ ಪಠ್ಯ ಶಾಸಕಾಂಗ ಒಂದೇ ದಿನ ಒಪ್ಪಿದ ಬರಹವಲ್ಲ. ಮೂಲ ಕಾಯ್ದೆಯ ಮೇಲೆ ತಿದ್ದುಪಡಿಗಳ ತುಂಡುಗಳನ್ನು ಒಂದೊಂದಾಗಿ ಹಚ್ಚಿ ಯಾರೋ ಹೊಲಿದ ಕೌದಿ ಅದು. ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಅಚ್ಚಾದ ಮೂಲ ಕಾಯ್ದೆ, ಅಲ್ಲೇ ಅಚ್ಚಾದ ಒಂದೊಂದು ತಿದ್ದುಪಡಿ ಕಾಯ್ದೆ, ಇವೇ ಕಾನೂನು. ಕ್ರೋಡೀಕರಿಸಿದ, ಅಂದರೆ ತಿದ್ದುಪಡಿಗಳನ್ನೆಲ್ಲ ಕೂಡಿಸಿದ ಪ್ರತಿ ಓದುವ ಅನುಕೂಲಕ್ಕೆ. ಎರಡಕ್ಕೂ ತಾಳೆಯಾಗದಿದ್ದರೆ ಗೆಲ್ಲುವುದು ರಾಜ್ಯಪತ್ರ. ತಪ್ಪುಗಳು ಬಹುಪಾಲು ಕಾಣಿಸಿಕೊಳ್ಳುವುದು ಹೊಲಿಗೆ ಬಿದ್ದ ಕಡೆ.

ಐದು ಸೀಮೆ, ಐದು ಕಾನೂನು

ಕರ್ನಾಟಕದ ಕೌದಿಗೆ ಬಣ್ಣ ಜಾಸ್ತಿ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, ಕಾನೂನು ಒಂದಾಗಲಿಲ್ಲ. ಗಡಿ ಬದಲಾದ ಮಾತ್ರಕ್ಕೆ ಕಾನೂನು ಬದಲಾಗದು, ಶಾಸಕಾಂಗ ಬೇರೆ ವ್ಯವಸ್ಥೆ ಮಾಡುವ ತನಕ ಆಯಾ ಪ್ರದೇಶದ ಹಳೆಯ ಕಾನೂನೇ ನಡೆಯುತ್ತದೆ ಎಂದು ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಪ್ರಕರಣ ಹೇಳಿತು. ಹಾಗಾಗಿ ಹಳೇ ಮೈಸೂರಿಗೆ 1888ರ ಮೈಸೂರು ಕಂದಾಯ ಸಂಹಿತೆ, ಧಾರವಾಡ ಬೆಳಗಾವಿ ಕಡೆಗೆ 1879ರ ಮುಂಬಯಿ ಕಂದಾಯ ಸಂಹಿತೆ, ಕಲಬುರಗಿ ರಾಯಚೂರಿಗೆ ಹೈದರಾಬಾದಿನ ಕಾಯ್ದೆ, ಕೊಡಗಿಗೆ 1899ರ ರೆಗ್ಯುಲೇಷನ್, ದಕ್ಷಿಣ ಕನ್ನಡಕ್ಕೆ ಮದರಾಸಿನವು. ಇವನ್ನೆಲ್ಲ ತೆಗೆದು ಒಂದೇ ಭೂಕಂದಾಯ ಕಾಯ್ದೆ ಜಾರಿಗೆ ಬರಲು 1964ರ ಏಪ್ರಿಲ್ 1ರ ತನಕ ಕಾಯಬೇಕಾಯಿತು.

ಹೈದರಾಬಾದ್ ಕಾಯ್ದೆಯ ವರ್ಷ ನೋಡಿ ಹೊಸಬರು ಬೆಚ್ಚುವುದುಂಟು. '1317ರ ಕಾಯ್ದೆ' ಎಂದರೆ ಹದಿನಾಲ್ಕನೇ ಶತಮಾನದ್ದಲ್ಲ. ಅದು ಫಸಲಿ ವರ್ಷ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಎಣಿಕೆ. 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, 1907ರ ಆಸುಪಾಸು.

ದೇವಸ್ಥಾನಗಳ ವಿಷಯದಲ್ಲಿ ಕಾಯುವಿಕೆ ಇನ್ನೂ ಉದ್ದ. 1927ರ ಮೈಸೂರು ಕಾಯ್ದೆ, 1951ರ ಮದರಾಸು ಕಾಯ್ದೆ, 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ, 1349 ಫಸಲಿಯ ಹೈದರಾಬಾದ್ ನಿಬಂಧನೆಗಳು, 1956ರ ಕೊಡಗಿನ ಕಾಯ್ದೆ, ಹೀಗೆ ಐದು ಕಾನೂನು ಒಂದೇ ರಾಜ್ಯದಲ್ಲಿ ಅಕ್ಕಪಕ್ಕ ಬಾಳಿದವು. ಅವುಗಳ ಬದಲಿಗೆ ಬಂದ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಜಾರಿಯಾದದ್ದು 2003ರ ಮೇ 1ಕ್ಕೆ. ಏಕೀಕರಣವಾಗಿ ಅಷ್ಟರಲ್ಲಿ 46 ವರ್ಷ ಕಳೆದಿತ್ತು. ಅದಕ್ಕೂ ಮೊದಲಿನ ಆಸ್ತಿ, ಇನಾಂ, ಮುಜರಾಯಿ ದಾವೆ ಹಿಡಿದವರು ಇವತ್ತಿಗೂ ಮೊದಲು ಕೇಳುವುದು 'ಯಾವ ಸೀಮೆಯ ಜಮೀನು' ಎಂದೇ.

ಹೆಸರಿನದು ಇನ್ನೊಂದು ಪದರ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾದಾಗ, ಕಾಯ್ದೆಗಳ ಒಳಗಿದ್ದ 'ಮೈಸೂರು' ಎಂಬ ಪದವನ್ನು ಕಾನೂನುಗಳ ಅಳವಡಿಕೆ ಆದೇಶವೊಂದು ಒಟ್ಟಿಗೆ ಬದಲಿಸಿತು. ಹಳೆಯ ಕಾಯ್ದೆಗಳ ಮೊದಲ ಪುಟದಲ್ಲೇ 'ಕರ್ನಾಟಕ' ಎಂಬ ಪದದ ಎರಡೂ ಬದಿಗೆ ಆವರಣ, ಅದರ ನೆತ್ತಿಯ ಮೇಲೆ ಪುಟ್ಟ ಅಂಕಿ ಕಾಣುತ್ತದಲ್ಲ, ಅದು ಇದೇ ಬದಲಾವಣೆಯ ಗುರುತು. 1973ಕ್ಕೆ ಮೊದಲಿನ ತೀರ್ಪು ಹುಡುಕುವವರು 'ಕರ್ನಾಟಕ' ಎಂದು ಟೈಪಿಸಿದರೆ ಬರಿಗೈ. 'ಮೈಸೂರು ಭೂ ಸುಧಾರಣೆ' ಎಂದೇ ಹುಡುಕಬೇಕು.

ವರ್ಷ ಒಂದು, ಸಂಖ್ಯೆ ಇನ್ನೊಂದು

ಕಾಯ್ದೆಯ ಗುರುತು ಎರಡು: ಹೆಸರಿನಲ್ಲಿರುವ ವರ್ಷ, ಮತ್ತು ಅಧಿನಿಯಮ ಸಂಖ್ಯೆ. ಹೆಸರಿನ ವರ್ಷ ವಿಧೇಯಕದ (ಮಸೂದೆಯ) ಕಾಲದ್ದು. ಸಂಖ್ಯೆ ಬೀಳುವುದು ಅಂಕಿತ ಸಿಕ್ಕಿ ರಾಜ್ಯಪತ್ರಕ್ಕೆ ಹೋಗುವಾಗ. ನಡುವೆ ಸಂವಿಧಾನದ 200ನೇ ಅನುಚ್ಛೇದದಡಿ ರಾಜ್ಯಪಾಲರ ಮೇಜು ಇದೆ. ವಿಧೇಯಕವನ್ನು ಅಲ್ಲಿಂದ ರಾಷ್ಟ್ರಪತಿಗೆ ಕಾದಿರಿಸಿದರೆ ದಿಲ್ಲಿಯ ದಾರಿಯೂ ಸೇರುತ್ತದೆ. ಭೂ ಸುಧಾರಣೆಗಳ ಅಧಿನಿಯಮ 1961ರದ್ದು, ಸಂಖ್ಯೆ 1962ರ 10. ಬಾಡಿಗೆ ಅಧಿನಿಯಮ 1999ರದ್ದು, ಸಂಖ್ಯೆ 2001ರ 34. ಶಿಕ್ಷಣ ಅಧಿನಿಯಮದ್ದು ಇನ್ನೂ ದೊಡ್ಡ ಅಂತರ: ಹೆಸರಿನಲ್ಲಿ 1983, ಸಂಖ್ಯೆ 1995ರ 1. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ ಹೆಸರಿಗೆ 2024ರದ್ದು, ಜಾರಿಗೆ ಬಂದದ್ದು 2025ರ ಮೇ 15ಕ್ಕೆ.

ಇದು ಬರೀ ಕುತೂಹಲದ ಸಂಗತಿಯಲ್ಲ. ಅರ್ಜಿಯಲ್ಲಿ, ಆದೇಶದಲ್ಲಿ 'ಬಾಡಿಗೆ ಕಾಯ್ದೆ, 2001' ಎಂದು ಬರೆದವರು ಹೆಸರು ಮತ್ತು ಸಂಖ್ಯೆಯನ್ನು ಕಲಸಿರುತ್ತಾರೆ. ಮುಂದಿನ ಗುಮಾಸ್ತ ಅದನ್ನೇ ನಕಲು ಮಾಡುತ್ತಾನೆ. ಹೆಸರೇ ಬದಲಾಗುವುದೂ ಉಂಟು. 1993ರ ಪಂಚಾಯತ್ ರಾಜ್ ಅಧಿನಿಯಮ ತಿದ್ದುಪಡಿಯಿಂದ 'ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್' ಆಯಿತು. 2011ರ ನಾಗರಿಕ ಸೇವಾ ಖಾತರಿ ಅಧಿನಿಯಮ 'ಸಕಾಲ' ಎಂಬ ಹೆಸರು ಹೊತ್ತಿತು. ಬದಲಾಗದೆ ಉಳಿಯುವುದು ಅಧಿನಿಯಮ ಸಂಖ್ಯೆ ಒಂದೇ, ಹಾಗಾಗಿ ಹುಡುಕುವಾಗ ನಂಬಬೇಕಾದ್ದೂ ಅದನ್ನೇ.

ರಾಜ್ಯಪತ್ರದ ಪುಟ ಹೀಗಿರುತ್ತದೆ

ರಾಜ್ಯಪತ್ರದ ವಾರದ ಸಂಚಿಕೆ ಗುರುವಾರದ್ದು. ತುರ್ತಿನದೆಲ್ಲ ವಿಶೇಷ ರಾಜ್ಯಪತ್ರದಲ್ಲಿ ಬರುತ್ತದೆ. ನೆತ್ತಿಯ ಮೇಲೆ ಭಾಗದ ಸಂಖ್ಯೆ, ಇಂಗ್ಲಿಷ್ ತಾರೀಖು, ಪಕ್ಕದ ಆವರಣದಲ್ಲಿ ಶಕವರ್ಷದ ತಾರೀಖು. 2020ರ ಜುಲೈ 13 ಅಲ್ಲಿ ಆಷಾಢ 22, ಶಕವರ್ಷ 1942. ಒಳಗೆ ಮೊದಲು ಕನ್ನಡ ಪಠ್ಯ, ನಂತರ ಇಂಗ್ಲಿಷ್ ಅನುವಾದ. ಕೊನೆಯಲ್ಲಿ, ಮೇಲ್ಕಂಡ ಅನುವಾದವನ್ನು ಸಂವಿಧಾನದ 348ನೇ ಅನುಚ್ಛೇದದ (3)ನೇ ಖಂಡದ ಮೇರೆಗೆ ಪ್ರಕಟಿಸತಕ್ಕದ್ದು ಎಂಬ ಒಂದು ಸಾಲು.

ಕಣ್ಣು ಜಾರುವ ಆ ಸಾಲಿಗೆ ತೂಕ ಬಹಳ. ರಾಜ್ಯವು ತನ್ನ ಭಾಷೆಯಲ್ಲಿ ಕಾನೂನು ಮಾಡಬಹುದು. ಆದರೆ ರಾಜ್ಯಪಾಲರ ಅಧಿಕಾರದಿಂದ ರಾಜ್ಯಪತ್ರದಲ್ಲಿ ಬಂದ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನ ಅಧಿಕೃತ ಪಠ್ಯ ಎಂದು ಆ ಖಂಡ ಹೇಳುತ್ತದೆ. ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ಹೀಗಾಗಿ ಸದನದಲ್ಲಿ ಶಾಸಕರು ಚರ್ಚಿಸಿದ್ದು ಕನ್ನಡ ವಿಧೇಯಕವಾದರೂ ನ್ಯಾಯಾಲಯದಲ್ಲಿ ಪದ ಪದ ಬಿಡಿಸುವುದು ಅನುವಾದವನ್ನು. 'ತಕ್ಕದ್ದು' ಮತ್ತು 'ಬಹುದು', 'ಮತ್ತು' ಹಾಗೂ 'ಅಥವಾ', ಒಂದು ಕಡೆ ಅಲ್ಪವಿರಾಮ ಜಾರಿದರೂ ಹಕ್ಕು ಕರ್ತವ್ಯಗಳು ಅದಲುಬದಲು. ಕನ್ನಡದ ಕರಡು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದು ಮತ್ತೆ 'ಅನುವಾದ'ವಾಗಿ ಇಂಗ್ಲಿಷಿಗೆ ಹೋದಂತೆ ಓದಿಸಿಕೊಳ್ಳುವುದಕ್ಕೆ ಈ ವ್ಯವಸ್ಥೆಯೇ ಕಾರಣ.

ಅಚ್ಚಾದ ಮೇಲೂ ಕಾಯ್ದೆ ಮಲಗಿರಬಹುದು. 'ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು' ಎಂಬುದು ಒಂದನೇ ಪ್ರಕರಣದ ಮಾಮೂಲು ಮಾತು. 'ಬೇರೆ ಬೇರೆ ಉಪಬಂಧಗಳಿಗೆ ಬೇರೆ ಬೇರೆ ದಿನಾಂಕ' ಎಂಬುದು ಅದರ ಬಾಲ. ಆ ಅಧಿಸೂಚನೆ ಇನ್ನೊಂದು ರಾಜ್ಯಪತ್ರದಲ್ಲಿರುತ್ತದೆ, ಎಷ್ಟೋ ಸಲ ಬೇರೆ ಇಲಾಖೆಯ ಹೆಸರಿನಲ್ಲಿ. ಭೂ ಸುಧಾರಣೆಗಳ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ, ಹೆಸರಿನ ವರ್ಷ ಕಳೆದು ನಾಲ್ಕು ವರ್ಷಕ್ಕೆ. ದೇಶದ ಮಟ್ಟದಲ್ಲಂತೂ 1978ರ ಸಂವಿಧಾನದ 44ನೇ ತಿದ್ದುಪಡಿಯಲ್ಲಿ ಮುಂಜಾಗ್ರತಾ ಬಂಧನಕ್ಕೆ ಸಂಬಂಧಿಸಿದ 3ನೇ ಪ್ರಕರಣ ಇವತ್ತಿಗೂ ಜಾರಿಯಾಗಿಲ್ಲ. ಪಠ್ಯ ಕಣ್ಣೆದುರಿದೆ ಎಂದರೆ ಕಾನೂನು ಎಚ್ಚರವಾಗಿದೆ ಎಂದಲ್ಲ.

ಸೂಜಿ ಹಿಡಿಯುವವರು

ಕ್ರೋಡೀಕರಣದ ಹೊಣೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯದು. ಕರಡು ಪರಿಶೀಲಿಸುವುದೂ ಅದೇ, ಜಾಲತಾಣದಲ್ಲಿ ಕಾಯ್ದೆಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಇಡುವುದೂ ಅದೇ. ಕೇಂದ್ರದ 'ಇಂಡಿಯಾ ಕೋಡ್' ತಾಣದಲ್ಲೂ ರಾಜ್ಯ ಕಾಯ್ದೆಗಳಿವೆ. ಹೆಸರಿಗೆ 'ಸಂಹಿತೆ' ಅಂದರೂ ಅಮೆರಿಕದ ರಾಜ್ಯಗಳಲ್ಲಿ ಮಾಡುವಂತೆ ಎಲ್ಲ ಕಾನೂನನ್ನು ಕಳಚಿ, ವಿಷಯವಾರು ಅಧ್ಯಾಯಗಳಾಗಿ ಮತ್ತೆ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲಿ ಸಂಹಿತೆಯೆಂದರೆ ಒಂದೊಂದು ಕಾಯ್ದೆಯನ್ನೂ ತಿದ್ದುಪಡಿ ಸಮೇತ ಜೋಡಿಸಿಟ್ಟ ಕಟ್ಟು.

ತಿದ್ದುಪಡಿ ಕಾಯ್ದೆಯ ಭಾಷೆಯನ್ನೇ ಒಂದು ಮಾದರಿ ವಾಕ್ಯದಲ್ಲಿ ನೋಡಿ: 'ಮೂಲ ಅಧಿನಿಯಮದ 5ನೇ ಪ್ರಕರಣದ (2)ನೇ ಉಪಪ್ರಕರಣದಲ್ಲಿ, ಮೂವತ್ತು ದಿನಗಳು ಎಂಬ ಪದಗಳಿಗೆ ಅರವತ್ತು ದಿನಗಳು ಎಂಬ ಪದಗಳನ್ನು ಪ್ರತಿಯೋಜಿಸತಕ್ಕದ್ದು.' ಓದಲು ಸಲೀಸು. ಕೂಡಿಸುವವರ ಕಷ್ಟ ಬೇರೆ. ಆ ಉಪಪ್ರಕರಣದಲ್ಲಿ 'ಮೂವತ್ತು ದಿನಗಳು' ಎರಡು ಕಡೆ ಇದ್ದರೆ? 'ಅವು ಬರುವ ಕಡೆಗಳಲ್ಲೆಲ್ಲ' ಎಂದು ಕರಡುಗಾರ ಬರೆಯದಿದ್ದರೆ ಯಾವುದನ್ನು ತಿದ್ದಬೇಕು? ಮೂಲದಲ್ಲಿ ಇರುವುದು 'ಮೂವತ್ತು ದಿವಸಗಳು' ಎಂದಾದರೆ? ಸೂಜಿ ಹಿಡಿದವನಿಗೆ ಊಹೆ ಮಾಡುವ ಅಧಿಕಾರ ಇಲ್ಲ. ಒಂದೋ ತಿದ್ದೋಲೆ ಬರಬೇಕು, ಇಲ್ಲವೇ ಮುಂದಿನ ಅಧಿವೇಶನದಲ್ಲಿ ಇನ್ನೊಂದು ತಿದ್ದುಪಡಿ. ತಿದ್ದೋಲೆ ಅಚ್ಚಿನ ತಪ್ಪು ಸರಿಪಡಿಸಬಹುದು, ಸದನ ಒಪ್ಪಿದ ಅರ್ಥವನ್ನಲ್ಲ.

ಎರಡು ತಿದ್ದುಪಡಿಗಳು ಒಂದೇ ಪ್ರಕರಣದ ಮೇಲೆ ಬಿದ್ದಾಗ ಗೋಜಲು ಇನ್ನೂ ಜಾಸ್ತಿ. ಮೊದಲು ಅಂಗೀಕಾರವಾದದ್ದು ಜಾರಿ ಅಧಿಸೂಚನೆಗೆ ಕಾಯುತ್ತಿದೆ, ಆಮೇಲಿನದು ಆಗಲೇ ಜಾರಿಯಾಗಿದೆ ಎಂದುಕೊಳ್ಳಿ. 'ಎರಡನೇ ಪರಂತುಕದ ತರುವಾಯ ಸೇರಿಸತಕ್ಕದ್ದು' ಎಂದು ಆಮೇಲಿನದು ಹೇಳುತ್ತದೆ, ಆದರೆ ಆ ಎರಡನೇ ಪರಂತುಕ (ಪ್ರಕರಣಕ್ಕೆ ಹಚ್ಚಿದ ಷರತ್ತು ಇಲ್ಲವೇ ವಿನಾಯಿತಿಯ ಮಾತು) ಇನ್ನೂ ಹುಟ್ಟಬೇಕಾದ ಮೊದಲನೇ ತಿದ್ದುಪಡಿಯ ಕೂಸು. ಅಧ್ಯಾದೇಶ ಬಂದರೆ ಮತ್ತೊಂದು ತಲೆನೋವು. 213ನೇ ಅನುಚ್ಛೇದದ ಪ್ರಕಾರ ಸದನ ಮತ್ತೆ ಸೇರಿದ ಆರು ವಾರಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಅದನ್ನು ಪಠ್ಯಕ್ಕೆ ಹೊಲಿದವರು, ಕಾಯ್ದೆ ಅದರ ಜಾಗಕ್ಕೆ ಬಾರದೆಹೋದರೆ, ಹೊಲಿಗೆ ಬಿಚ್ಚಲು ಮರೆಯಬಾರದು.

ಹೊಸ ಪ್ರಕರಣ ಸೇರಿಸುವಾಗ ಹಳೆಯ ಸಂಖ್ಯೆಗಳನ್ನು ಮುಟ್ಟುವುದಿಲ್ಲ, ನಡುವೆ ಅಕ್ಷರ ತುರುಕುತ್ತಾರೆ. ಭೂಕಂದಾಯ ಕಾಯ್ದೆಯ 94ಎ, 94ಬಿ, 94ಸಿ, 94ಸಿಸಿ, 94ಡಿ ಹುಟ್ಟಿದ್ದು ಹೀಗೆ. ಅಸಹ್ಯವಾಗಿ ಕಂಡರೂ ಇದೇ ಸರಿ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮಕ್ಕೆ ಅರ್ಜಿ ಕೊಟ್ಟವರು 'ನಮ್ಮನೇದು 94ಸಿ ಹಾಕಿದೀವಿ' ಎನ್ನುವಷ್ಟು ಹಳ್ಳಿಯಲ್ಲಿ ಜನರ ಬಾಯಲ್ಲಿ ನಿಂತ ಸಂಖ್ಯೆ ಅದು. ಅಂದಚಂದಕ್ಕೆಂದು ಮರುಸಂಖ್ಯೆ ಹಾಕಿದರೆ ಸಾವಿರಾರು ಹಕ್ಕುಪತ್ರ, ಆದೇಶ, ತೀರ್ಪುಗಳು ಬೇರೆ ಯಾವುದೋ ಪ್ರಕರಣಕ್ಕೆ ಬೆರಳು ತೋರಿಸುತ್ತವೆ.

ಕೌದಿಯಲ್ಲಿ ಕಾಣದ್ದು

ಕ್ರೋಡೀಕೃತ ಪ್ರತಿ ಎಷ್ಟೇ ಶುದ್ಧವಾಗಿದ್ದರೂ ಮೂರು ಸಂಗತಿಗಳು ಅದರ ಹೊರಗೆ ಉಳಿಯುತ್ತವೆ. ಮೊದಲನೆಯದು ತಿದ್ದುಪಡಿ ಕಾಯ್ದೆಯದೇ ಆದ ಉಳಿಸುವಿಕೆಯ ಮಾತು: ಬಾಕಿ ಇರುವ ವ್ಯಾಜ್ಯಗಳು ಏನಾಗುತ್ತವೆ, ಹಳೆಯ ಆದೇಶಗಳ ಗತಿಯೇನು ಎಂಬುದು. ಇದು ಮೂಲ ಕಾಯ್ದೆಯ ಯಾವ ಪ್ರಕರಣಕ್ಕೂ ಸೇರುವುದಿಲ್ಲ, ತಿದ್ದುಪಡಿ ಕಾಯ್ದೆಯ ಕೊನೆಯಲ್ಲಿ ಒಂಟಿಯಾಗಿ ಕೂತಿರುತ್ತದೆ. 79ಎ ಅಡಿ ನಡೆಯುತ್ತಿದ್ದ ವ್ಯಾಜ್ಯಗಳ ಬಗ್ಗೆ ತಿಳಿಯಬೇಕಿದ್ದರೆ 2020ರ ತಿದ್ದುಪಡಿ ಕಾಯ್ದೆಯನ್ನೇ ತೆರೆಯಬೇಕು.

ಎರಡನೆಯದು ನ್ಯಾಯಾಲಯ. ಆನ್‌ಲೈನ್ ಆಟಗಳ ಮೇಲೆ ನಿರ್ಬಂಧ ಹೇರಲು 2021ರಲ್ಲಿ ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿಯಾಯಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಪ್ರಕರಣಗಳನ್ನು ರದ್ದುಪಡಿಸಿತು. ಹೀಗೆ ರದ್ದಾದ ಪದಗಳನ್ನು ಪಠ್ಯದಿಂದ ಅಳಿಸುವುದು ಶಾಸಕಾಂಗ ಮಾತ್ರ, ಹಾಗಾಗಿ ಅವು ಪುಟದ ಮೇಲೆ ಜೀವಂತವಾಗಿ ಕಾಣುತ್ತಲೇ ಇರಬಹುದು. ಮೇಲೆ ಹೇಳಿದ ಧಾರ್ಮಿಕ ಸಂಸ್ಥೆಗಳ ಕಾಯ್ದೆಯನ್ನು 2006ರಲ್ಲಿ ಹೈಕೋರ್ಟ್ ರದ್ದುಪಡಿಸಿತು, ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈ ಇತಿಹಾಸ ಯಾವ ಅಡಿಟಿಪ್ಪಣಿಗೂ ಸೇರುವ ಪದ್ಧತಿಯಿಲ್ಲ. ಬೇಕಿದ್ದುದು ಒಂದೇ ಸಾಲು.

ಮೂರನೆಯದು ನಿಯಮಗಳು, ಜನರಿಗೆ ನಿಜವಾಗಿ ತಾಗುವ ಭಾಗ. ಬಗರ್‌ಹುಕುಂ ಅರ್ಜಿಯ ನಮೂನೆ 50, 53, 57 ಇರುವುದು ಕಾಯ್ದೆಯಲ್ಲಲ್ಲ, 1966ರ ಭೂಕಂದಾಯ ನಿಯಮಗಳಲ್ಲಿ. ಶುಲ್ಕ, ಗಡುವು, ಮೇಲ್ಮನವಿಯ ನಮೂನೆ ಎಲ್ಲ ಅಲ್ಲೇ. ಕಾಯ್ದೆಗಳಿಗಾದರೂ ಒಂದು ಮನೆಯಿದೆ. ನಿಯಮಗಳು ಆಯಾ ಇಲಾಖೆಯ ಕಪಾಟಿನಲ್ಲಿ. ತಿದ್ದುಪಡಿ ನಿಯಮವನ್ನು ಮೂಲ ನಿಯಮದ ಜೊತೆ ಕೂಡಿಸಿದ ಪ್ರತಿ ಬೇಕೆಂದರೆ ಖಾಸಗಿ ಪ್ರಕಾಶಕರ ಪುಸ್ತಕವೇ ಗತಿ. ಅಲ್ಲಿಗೆ ಸುತ್ತೋಲೆಗಳನ್ನೂ ಸೇರಿಸಿಕೊಂಡರೆ ಮುಗಿದೇ ಹೋಯಿತು.

ಪ್ರಕಟವಾಯಿತು ಎಂದರೆ ಏನು

ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರ ಡಿಸೆಂಬರಿನಲ್ಲಿ ಅಫೀಮು ಕಾಯ್ದೆಯೊಂದನ್ನು ನಿರ್ಣಯದ ಮೂಲಕ ಮಾಡಿ, ಎಲ್ಲೂ ಪ್ರಕಟಿಸದೆ ಇಟ್ಟುಕೊಂಡಿತ್ತು. ಅದರಡಿ 50 ರೂಪಾಯಿ ದಂಡ ತೆತ್ತವನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1951ರಲ್ಲಿ ಹರ್ಲಾ ತೀರ್ಪು ಬಂತು: ಜನರಿಗೆ ತಿಳಿಯುವ ಹಾಗೆ ಹೊರಬೀಳದ ಕಾನೂನು ಕಾನೂನಲ್ಲ. ಬೆಂಗಳೂರಿನದೇ ಒಂದು ಪ್ರಕರಣ, 1987ರ ಬಿ.ಕೆ. ಶ್ರೀನಿವಾಸನ್ ತೀರ್ಪು, ಇದೇ ಮಾತನ್ನು ಯೋಜನೆ ಮತ್ತು ನಿಬಂಧನೆಗಳಿಗೆ ಹಚ್ಚಿತು. ಶಾಸನಸಭೆಯ ಕಾನೂನು ಬಹಿರಂಗವಾಗಿ ತಯಾರಾಗುತ್ತದೆ, ಅಧೀನ ಶಾಸನವು, ಅಂದರೆ ಸರ್ಕಾರ ಮಾಡುವ ನಿಯಮ ನಿಬಂಧನೆಗಳು, ಕೊಠಡಿಯೊಳಗೆ. ಆದ್ದರಿಂದಲೇ ಅದನ್ನು ಪ್ರಕಟಿಸುವುದು ಇನ್ನೂ ಮುಖ್ಯ ಎಂಬುದು ಅಲ್ಲಿನ ತರ್ಕ. ಆದರೂ ಆ ಪ್ರಕರಣದಲ್ಲಿ, ನಗರ ಯೋಜನೆ ಕಚೇರಿಯಲ್ಲಿ ನೋಡಲು ಸಿಗುತ್ತದೆ ಎಂದು ರಾಜ್ಯಪತ್ರದಲ್ಲಿ ತಿಳಿಸಿದ್ದು ಸಾಕಾಯಿತು.

ಈಗ ಇ-ರಾಜ್ಯಪತ್ರವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 8ನೇ ಪ್ರಕರಣದಂತೆ ವಿದ್ಯುನ್ಮಾನ ಪ್ರಕಟಣೆಯೂ ಪ್ರಕಟಣೆಯೇ; ಕಾಗದ, ಜಾಲತಾಣ ಎರಡರಲ್ಲಿ ಯಾವುದು ಮೊದಲು ಬಂತೋ ಅದೇ ತಾರೀಖು. ಆಕ್ಷೇಪಣೆಗೆ 30 ದಿನ ಎಣಿಸುವವರು ಇದನ್ನು ನೆನಪಿಡಬೇಕು. ಆದರೆ ಕಡತ ಸಿಕ್ಕಿತು ಎಂದರೆ ಪಠ್ಯ ಸಿಕ್ಕಿತು ಎಂದಲ್ಲ. ಹಳೆಯ ಸಂಚಿಕೆಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಆಮೇಲಿನ ಎಷ್ಟೋ ಪಿಡಿಎಫ್‌ಗಳು ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಶೈಲಿಯಲ್ಲಿವೆ. ಕಣ್ಣಿಗೆ ಮುದ್ದಾದ ಕನ್ನಡ. ನಕಲು ಮಾಡಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. 'ಭೂಪರಿವರ್ತನೆ' ಎಂದು ಹುಡುಕಿದರೆ ಯಂತ್ರಕ್ಕೆ ಆ ಪದವೇ ಇಲ್ಲ. ಕನ್ನಡದಲ್ಲಿ ಕಾನೂನು ಕೇಳಿದಾಗ ಚಾಟ್‌ಬಾಟ್‌ಗಳು ಹಳೆಯ ಇಂಗ್ಲಿಷ್ ಪಠ್ಯವನ್ನು ಅನುವಾದಿಸಿ ಬಡಿಸುವ ಅಪಾಯಕ್ಕೆ ಇದೂ ಒಂದು ದಾರಿ.

ಖಾಸಗಿ ಪುಸ್ತಕಗಳ ಹಿಂದೆಯೂ ಒಂದು ಕಾನೂನಿದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಪ್ರಕರಣ ರಾಜ್ಯಪತ್ರದ ಇತರ ವಿಷಯಗಳನ್ನು ಯಾರಾದರೂ ಮರುಮುದ್ರಿಸಲಿ ಎನ್ನುತ್ತದೆ. ಶಾಸಕಾಂಗದ ಅಧಿನಿಯಮಕ್ಕೆ ಮಾತ್ರ ಷರತ್ತು, ಜೊತೆಗೆ ವ್ಯಾಖ್ಯಾನವನ್ನೋ ಸ್ವಂತದ ಬರಹವನ್ನೋ ಸೇರಿಸಿರಬೇಕು. ಅಂಗಡಿಯ ಪುಸ್ತಕದಲ್ಲಿ ಪ್ರಕರಣದ ಕೆಳಗೆ ಎರಡು ಸಾಲು ಟಿಪ್ಪಣಿ ಇರುವುದಕ್ಕೆ ಇದೂ ಒಂದು ಕಾರಣ. ಪ್ರಜೆಯ ಮೇಲೆ ಹೇರುವ ಕಾನೂನಿನ ಪಠ್ಯಕ್ಕೆ ಸರ್ಕಾರ ಸ್ವಾಮ್ಯ ಹೇಳುವುದು ನನಗಂತೂ ಒಗಟು.

ಪ್ರತಿ ಕೈಗೆ ಬಂದಾಗ

ಮೊದಲ ಪುಟಕ್ಕಿಂತ ಮೊದಲು ಅಡಿಟಿಪ್ಪಣಿಗಳ ಮೇಲೆ ಕಣ್ಣಾಡಿಸಿ, ಅತಿ ಈಚಿನ ತಿದ್ದುಪಡಿ ಯಾವುದು ನೋಡಿ. 'ಇಷ್ಟನೇ ತಾರೀಖಿನವರೆಗೆ' ಎಂಬ ಗುರುತು ಇಲ್ಲದಿದ್ದರೆ ಆ ಈಚಿನ ಅಡಿಟಿಪ್ಪಣಿಯೇ ನಿಮ್ಮ ತಾರೀಖು. ಅಲ್ಲಿಂದ ಈಚೆಗೆ ಬಂದ ತಿದ್ದುಪಡಿ ಕಾಯ್ದೆಗಳ ವಾರ್ಷಿಕ ಪಟ್ಟಿಯನ್ನು ಶಾಸನ ರಚನೆ ಇಲಾಖೆಯ ತಾಣದಲ್ಲಿ ಒಂದೊಂದೇ ವರ್ಷ ತಿರುವಿ. ಬೇಕಾದ ಪ್ರಕರಣಕ್ಕೆ ಆವರಣ ಬಿದ್ದಿದ್ದರೆ ತಿದ್ದುಪಡಿ ಕಾಯ್ದೆಯನ್ನೇ ತೆಗೆದು ಪದಕ್ಕೆ ಪದ ತಾಳೆ ನೋಡಿ, ಅದರ ಕೊನೆಯ ಪ್ರಕರಣವನ್ನು ಬಿಡದೆ ಓದಿ, ಒಂದನೇ ಪ್ರಕರಣದಲ್ಲಿ ಜಾರಿ ದಿನಾಂಕ ನೋಡಿ, ಅಧಿಸೂಚನೆಗೆ ಬಿಟ್ಟಿದ್ದರೆ ಅದನ್ನು ಹುಡುಕಿ. ಕನ್ನಡ ಪ್ರತಿಯೂ ಇಂಗ್ಲಿಷ್ ಪ್ರತಿಯೂ ಒಂದೇ ತಿದ್ದುಪಡಿಯ ತನಕ ಬಂದಿವೆ ಎಂದು ಅಂದುಕೊಳ್ಳಬೇಡಿ. ಎರಡರ ಕೊನೆಯ ಅಡಿಟಿಪ್ಪಣಿ ಹೋಲಿಸಿ. 'ತಿದ್ದುಪಡಿ ಕಾಯ್ದೆ ನಿರಸನವಾಯಿತು' (ರದ್ದಾಯಿತು) ಎಂಬ ಸುದ್ದಿಗೆ ಗಾಬರಿಯಾಗುವುದೂ ಬೇಡ. ಕೆಲಸ ಮುಗಿದ ತಿದ್ದುಪಡಿ ಕಾಯ್ದೆಗಳನ್ನು ಆಗಾಗ ಗುಡಿಸಿ ಹಾಕುತ್ತಾರೆ. ಅವು ಮೂಲ ಕಾಯ್ದೆಯಲ್ಲಿ ಮಾಡಿದ ಬದಲಾವಣೆ ಅದರಿಂದ ಬಿದ್ದುಹೋಗುವುದಿಲ್ಲ.

ಇಷ್ಟೆಲ್ಲ ಓದುಗನೇ ಮಾಡಬೇಕಾದ್ದಲ್ಲ. ಬ್ರಿಟನ್ನಿನ ಸರ್ಕಾರಿ ತಾಣದಲ್ಲಿ ಬಹಳಷ್ಟು ಕಾಯ್ದೆಗಳು ಹಿಂದಿನ ಒಂದು ದಿನ ಹೇಗಿದ್ದವು ಎಂದು ನೋಡಬಹುದು. ಇನ್ನೂ ಹೊಲಿಯದೆ ಉಳಿದ ತಿದ್ದುಪಡಿಗಳಿದ್ದರೆ ಪುಟದ ಮೇಲೇ ಎಚ್ಚರಿಕೆ ಬರುತ್ತದೆ. ಎರಡನೆಯದಕ್ಕೆ ದೊಡ್ಡ ತಂತ್ರಾಂಶವೂ ಬೇಡ.

ಈಗ ಈ ಕೆಲಸಕ್ಕೆ ಇನ್ನೊಂದು ರಾಶಿ ಬಂದು ಬಿದ್ದಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಜಾಗದಲ್ಲಿ ಹೊಸ ಕಾನೂನುಗಳಿವೆ. ರಾಜ್ಯದ ಕಾಯ್ದೆಗಳಲ್ಲಿ ಹಳೆಯ ಹೆಸರು, ಹಳೆಯ ಪ್ರಕರಣ ಸಂಖ್ಯೆಗಳು ಎಲ್ಲೆಂದರಲ್ಲಿ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 8ನೇ ಪ್ರಕರಣ, ನಿರಸನವಾಗಿ ಮತ್ತೆ ಅಧಿನಿಯಮಿತವಾದ ಉಪಬಂಧದ ಉಲ್ಲೇಖವನ್ನು ಹೊಸದಕ್ಕೆ ಅನ್ವಯಿಸಿ ಓದಿಕೊಳ್ಳಿ ಎನ್ನುತ್ತದೆ, ಹಾಗಾಗಿ ಕಾನೂನು ಕುಸಿಯುವುದಿಲ್ಲ. ಆದರೆ 1964ರ ಕಾಯ್ದೆಯೊಂದು '1898ರ ದಂಡ ಪ್ರಕ್ರಿಯಾ ಸಂಹಿತೆಯ ಇಂಥ ಪ್ರಕರಣ' ಎಂದರೆ, ಅದನ್ನು 1973ರ ಸಂಹಿತೆಯ ಮೂಲಕ ಹಾಯಿಸಿ 2023ರ ನಾಗರಿಕ ಸುರಕ್ಷಾ ಸಂಹಿತೆಗೆ ತಂದು, ನಡುವೆ ಪ್ರಕರಣ ಒಡೆದಿದೆಯೋ ಕೂಡಿದೆಯೋ ನೋಡಿ, ಆಮೇಲೆ ಓದು ಮುಂದುವರಿಸಬೇಕು. ಆ ತಾಳೆಪಟ್ಟಿಯನ್ನು ಅಡಿಟಿಪ್ಪಣಿಯಾಗಿ ಹಾಕಲು ಸದನದ ಒಪ್ಪಿಗೆ ಬೇಕಿಲ್ಲ. ಪಠ್ಯದ ಒಂದಕ್ಷರವನ್ನೂ ಅದು ಮುಟ್ಟುವುದಿಲ್ಲ.